ಕಾಸರಗೋಡಿನ ಕಡಲ ಬದಿ ಕ್ಯಾಂಪರ್ ವ್ಯಾನಿನಲ್ಲಿ ಉಳಿಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ತ್ರಿಕ್ಕರಿಪುರದವರೆಗಿನ ನಮ್ಮ ಕರಾವಳಿಗೆ ವ್ಯಾನು ತೆಗೆದುಕೊಂಡು ಬರಬೇಕು ಅಂತ ಬೆಂಗಳೂರು, ಮೈಸೂರು, ಪುತ್ತೂರು ಕಡೆಯ ನೆಂಟರು, ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ದೊಡ್ಡ ಕಾರವಾನ್ ಇರುವವರಿಗೂ ಆಗುತ್ತದೆ, ಓಮ್ನಿಯೊಳಗೆ ಹಾಸಿಗೆ ಹಾಕಿಕೊಂಡು ಬರುವವರಿಗೂ ಆಗುತ್ತದೆ.

ವ್ಯಾನನ್ನು ನೇರ ಹೊಯ್ಗೆಯ (ಮರಳಿನ) ಮೇಲೆ, ಅಲೆಯ ಎದುರಿಗೇ ನಿಲ್ಲಿಸಬಹುದಾ?

ಬೇಡ. ಎಲ್ಲರೂ ಮೊದಲು ಕೇಳುವುದೇ ಇದನ್ನು. ವಿಡಿಯೋಗಳಲ್ಲಿ ಹಾಗೆ ನಿಲ್ಲಿಸಿದ್ದನ್ನು ನೋಡಿರುತ್ತಾರೆ. ಕಣ್ಣೂರಿನ ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಹೊಯ್ಗೆ ಗಟ್ಟಿಯಾಗಿದೆ, ಅಲ್ಲಿ ಗಾಡಿ ಓಡಿಸುತ್ತಾರೆ. ನಮ್ಮ ಕಡೆ ಹಾಗಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ತೀರಗಳಲ್ಲಿ ಮೇಲಿನ ಹೊಯ್ಗೆ ಸಡಿಲ. ಮೂರು ಟನ್ನಿನ ಟ್ರಾವೆಲರ್ ನಾಲ್ಕು ಗಜ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಹೂತುಬಿಡುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಿಮಗೆ ಖಾಲಿ ಅಂತ ಕಾಣುವ ಜಾಗ ಖಾಲಿ ಅಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ದೋಣಿ ಇಳಿಸುವವರು ಬರುತ್ತಾರೆ. ದೋಣಿಯಡಿಗೆ ಮರದ ತುಂಡು ಕೊಟ್ಟು, ಏಳೆಂಟು ಜನ ಹೆಗಲು ಕೊಟ್ಟು ತಳ್ಳುತ್ತಾ ನೇರ ನೀರಿಗೆ ಒಯ್ಯುತ್ತಾರೆ. ಆ ದಾರಿಗೆ ಅಡ್ಡ ನಿಮ್ಮ ವ್ಯಾನು ಇದ್ದರೆ ಏಳಿಸದೆ ಬಿಡುತ್ತಾರಾ? ಹಗಲು ಅದೇ ಜಾಗದಲ್ಲಿ ಬಲೆ ಒಣಗುತ್ತದೆ, ಮೀನು ಒಣಗುತ್ತದೆ. ಕಡಲ ಬದಿಯವರಿಗೆ ಅದು ಮನೆಯ ಅಂಗಳವೇ. ನಮ್ಮ ಅಂಗಳದಲ್ಲಿ ಯಾರಾದರೂ ಕೇಳದೆ ಗಾಡಿ ನಿಲ್ಲಿಸಿ ಮಲಗಿದರೆ ನಾವು ಏನಂತೇವೆ, ಹೇಳಿ.

ಹಾಗಾದರೆ ಎಲ್ಲಿ ನಿಲ್ಲಿಸೋದು?

ತೀರದಿಂದ ನೂರು, ಇನ್ನೂರು ಮೀಟರ್ ಒಳಕ್ಕೆ, ಊರಿನ ಕಡೆಗೆ. ಅಲೆಯ ಸದ್ದು ಕೇಳುತ್ತದೆ, ನೆಲ ಗಟ್ಟಿ ಇರುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾರದಾದರೂ ಖಾಸಗಿ ಜಾಗ, ಅದೂ ಮನೆಯವರು ಅಲ್ಲೇ ವಾಸ ಇರುವಂಥದ್ದು. ಕಡಲಿಗೆ ತಾಗಿದ ತೋಟದ ಮನೆಗಳು ಮಂಜೇಶ್ವರದಿಂದ ಬೇಕಲದವರೆಗೂ ಇವೆ. ಕೆಲವರು ಹೋಂಸ್ಟೇ ನಡೆಸುತ್ತಾರೆ. ರೂಮು ಬೇಡ, ಅಂಗಳ, ಬಾವಿ ನೀರು ಮತ್ತು ಕಕ್ಕಸು ಮಾತ್ರ ಸಾಕು ಅಂತ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ದುಡ್ಡಿನ ಮಾತು ಮೊದಲೇ ಆಡಿ. ಮನೆಯವರು 'ಅದೆಲ್ಲ ಎಂತಕ್ಕೆ' ಅಂದರೂ ಕೊಟ್ಟೇ ಹೊರಡಿ.

ತೋಟದೊಳಗೆ ನಿಲ್ಲಿಸುವಾಗ ಒಮ್ಮೆ ತಲೆ ಎತ್ತಿ ನೋಡಿ. ತೆಂಗಿನ ಮರದಡಿ ನೆರಳು ಚೆನ್ನಾಗಿರುತ್ತದೆ, ಆದರೆ ಒಂದು ಕಾಯಿ ಬಿದ್ದರೆ ಗಾಜು ಹೋಯಿತು, ಸೋಲಾರ್ ಹಲಗೆ ಹೋಯಿತು. ಒಣ ಮಡಲು (ತೆಂಗಿನ ಗರಿ) ಬಿದ್ದರೂ ತಗಡು ತಗ್ಗುತ್ತದೆ. ಗಾಳಿಮರದ ತೋಪು ಇದ್ದರೆ ಅದು ವಾಸಿ. ನೆರಳು ಸ್ವಲ್ಪ ತೆಳುವಾದರೂ ಮೇಲಿಂದ ಭಾರದ್ದು ಏನೂ ಬೀಳುವುದಿಲ್ಲ. ಹಾಗಂತ ಜೋರು ಗಾಳಿಯಿದ್ದ ದಿನ ಅದರಡಿಯೂ ಬೇಡ.

ಪೊರಂಬೋಕು, ಅಂದರೆ ಸರಕಾರಿ ಜಾಗ ಅಂತ ಗೊತ್ತಾದರೂ ಸುಮ್ನೆ ನುಗ್ಗಬೇಡಿ. ಪಂಚಾಯತಿನವರನ್ನೋ ಹತ್ತಿರದ ಕರಾವಳಿ ಪೊಲೀಸ್ ಠಾಣೆಯವರನ್ನೋ ಒಂದು ಮಾತು ಕೇಳಿ. ಶಿರಿಯ, ಬೇಕಲ, ಅಳಿತ್ತಲ ಈ ಮೂರು ಕಡೆ ಕರಾವಳಿ ಠಾಣೆ ಇದೆ. ಗಾಡಿ ನಂಬರ್, ಎಷ್ಟು ಜನ, ಎಷ್ಟು ದಿನ ಅಂತ ಹೇಳಿಟ್ಟರೆ ರಾತ್ರಿ ಗಸ್ತಿನವರು ಬಂದು ಕಿಟಕಿ ತಟ್ಟುವುದು ತಪ್ಪುತ್ತದೆ.

ಕಾರವಾನ್ ಪಾರ್ಕ್ ಅಂತ ಏನೂ ಇಲ್ವಾ?

ಕೇರಳ ಸರಕಾರ 2021ರಲ್ಲಿ 'ಕೇರವಾನ್ ಕೇರಳ' ಹೆಸರಿನಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಮೊದಲ ಪಾರ್ಕ್ ಶುರುವಾದದ್ದು 2022ರಲ್ಲಿ, ಇಡುಕ್ಕಿಯ ವಾಗಮಣ್‌ನಲ್ಲಿ. ಅದು ಗುಡ್ಡದ ಮೇಲೆ, ನಮ್ಮಿಂದ ಬಹಳ ದೂರ. ನಮ್ಮ ಕಡೆ ಈಗಲೂ ಅಂಗಳ, ಹೋಂಸ್ಟೇ, ರೆಸಾರ್ಟಿನ ಪಾರ್ಕಿಂಗ್ ಇವುಗಳನ್ನೇ ನಂಬಿ ಹೊರಡುವುದು ಒಳ್ಳೆಯದು. ಪಾರ್ಕ್ ಇದ್ದರೆ ಕರೆಂಟು, ನೀರು, ಕೊಳಚೆ ಖಾಲಿ ಮಾಡುವ ಗುಂಡಿ ಮೂರೂ ಒಂದೇ ಕಡೆ ಸಿಗುತ್ತದೆ. ಅಂಗಳದಲ್ಲಿ ಮೊದಲೆರಡು ಸಿಗುತ್ತವೆ, ಮೂರನೆಯದು ನಿಮ್ಮ ತಲೆನೋವು. ಅದರ ಮಾತು ಕೆಳಗೆ ಬರುತ್ತದೆ.

ಯಾವ ತಿಂಗಳಲ್ಲಿ ಬರೋದು?

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಮಾರ್ಚ್ ಆದ ಮೇಲೆ ಸೆಕೆ ತಡೆಯಲಾಗುವುದಿಲ್ಲ. ತಗಡಿನ ಗಾಡಿಯೊಳಗಂತೂ ರಾತ್ರಿ ಹನ್ನೊಂದಾದರೂ ಬೆವರು ಆರುವುದಿಲ್ಲ. ಅಕ್ಟೋಬರ್‌ನಲ್ಲಿ ಹಗಲು ಚೆನ್ನಾಗಿದ್ದು ಸಂಜೆ ಗುಡುಗು ಮಿಂಚು ಬರುತ್ತದೆ. ಬಟ್ಟಬಯಲಿನಲ್ಲಿ ಗಾಡಿಯ ಹೊರಗೆ ಕೂರುವ ಹೊತ್ತಲ್ಲ ಅದು.

ಜೂನ್, ಜುಲೈ, ಆಗಸ್ಟ್ ಬೇಡವೇ ಬೇಡ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಬಹುಪಾಲು ಈ ತಿಂಗಳುಗಳಲ್ಲೇ ಸುರಿಯುತ್ತದೆ. ಕಡಲ್ಕೊರೆತ ಶುರುವಾದರೆ ರಸ್ತೆ, ತೆಂಗಿನ ಮರ ಎಲ್ಲ ನೀರಿಗೆ ಹೋಗುತ್ತವೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಯಾಂತ್ರಿಕ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಬೇರೆ. ಹಾಗಾಗಿ ತಾಜಾ ಮೀನಿನ ಆಸೆಗೆ ಬರುವವರಿಗೂ ಅದು ಕಾಲವಲ್ಲ.

ಡಿಸೆಂಬರ್ ಕೊನೆಯ ವಾರ ಬೇಕಲದ ಸುತ್ತ ಜನಸಾಗರ. ಶಾಂತಿ ಬೇಕಾದವರು ಜನವರಿ ಎರಡನೇ ವಾರ ಬನ್ನಿ.

ನೀರು ಎಲ್ಲಿಯವರೆಗೆ ಏರುತ್ತದೆ ಅಂತ ತಿಳಿಯೋದು ಹೇಗೆ?

ತೀರದಲ್ಲಿ ಒಣ ಪಾಚಿ, ಕಡ್ಡಿ, ಚಿಪ್ಪು, ಪ್ಲಾಸ್ಟಿಕ್ ಎಲ್ಲ ಸೇರಿ ಒಂದು ಗೆರೆ ಬಿದ್ದಿರುತ್ತದೆ ನೋಡಿ. ಇತ್ತೀಚಿನ ಭರತ (ಕಡಲಿನ ಉಬ್ಬರ) ಅಲ್ಲಿಯವರೆಗೆ ಬಂದಿದೆ ಅಂತ ಲೆಕ್ಕ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ದಿನಾ ಐವತ್ತು ನಿಮಿಷದಷ್ಟು ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಮೇಲೆ ಬರುತ್ತದೆ. ಹುಣ್ಣಿಮೆ ನೋಡಿಕೊಂಡು ಕಡಲ ಬದಿ ಉಳಿಯಲು ಬರುವವರೇ ಜಾಸ್ತಿ, ಅಲ್ವಾ? ಅವರೇ ಗೆರೆಯಿಂದ ಇನ್ನಷ್ಟು ದೂರ ಇರಬೇಕು.

ಆದರೆ ಗೆರೆ ನೋಡಿದರೆ ಮುಗಿಯಲಿಲ್ಲ. ಮಲಯಾಳಿಗಳು ಕಳ್ಳಕ್ಕಡಲ್ ಅನ್ನುವ ಒಂದು ಸಂಗತಿ ಇದೆ. ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ. ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು ದಡಕ್ಕೆ ನುಗ್ಗುತ್ತವೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು. 2024ರ ಮಾರ್ಚ್ 31ರಂದು ದಕ್ಷಿಣ ಕೇರಳದ ಹಲವು ಊರುಗಳಲ್ಲಿ ಹೀಗೇ ನೀರು ಮನೆಯೊಳಗೆ ಬಂದಿತ್ತು. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಹೊರಡುವ ದಿನ ನೋಡಿಕೊಳ್ಳಿ, ಅಲ್ಲಿದ್ದಾಗಲೂ ದಿನಕ್ಕೊಮ್ಮೆ ನೋಡಿ. ಮೀನುಗಾರರು ದೋಣಿಗಳನ್ನು ಮೇಲಕ್ಕೆ ಎಳೆದು ಕಟ್ಟುತ್ತಿದ್ದರೆ ಬೇರೆ ಎಚ್ಚರಿಕೆಗೆ ಕಾಯಬೇಡಿ, ಗಾಡಿ ತೆಗೆಯಿರಿ.

ಹೆದ್ದಾರಿಯಿಂದ ಕಡಲಿಗೆ ದೊಡ್ಡ ಗಾಡಿ ಹೋಗುತ್ತದಾ?

ಕೆಲವು ಕಡೆ ಹೋಗುತ್ತದೆ, ಕೆಲವು ಕಡೆ ಇಲ್ಲ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥ. ಮೊದಲಿನ ಹಾಗೆ ಎಲ್ಲೆಂದರಲ್ಲಿ ಪಶ್ಚಿಮಕ್ಕೆ ತಿರುಗಲಾಗುವುದಿಲ್ಲ, ಸರ್ವಿಸ್ ರಸ್ತೆಗೆ ಇಳಿದು ಅಂಡರ್‌ಪಾಸ್ ಹುಡುಕಬೇಕು. ಅದಾದ ಮೇಲೆ ರೈಲು ಹಳಿ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಹಳಿ ಕಡಲಿಗೆ ತೀರಾ ಹತ್ತಿರ ಹೋಗುತ್ತದೆ, ದಾಟದೆ ತೀರ ಸೇರುವ ಹಾಗಿಲ್ಲ. ಗೇಟು ಇರುವಲ್ಲಿ ತೊಂದರೆ ಇಲ್ಲ, ಕಾಯಬೇಕು ಅಷ್ಟೆ. ಹಳಿಯ ಅಡಿಯಲ್ಲಿ ನುಸುಳುವ ಸಣ್ಣ ದಾರಿಗಳದ್ದೇ ತಕರಾರು. ಕಾರು, ಆಟೋ ಸಲೀಸಾಗಿ ಹೋಗುತ್ತವೆ, ಒಂಬತ್ತಡಿಯ ವ್ಯಾನಿನ ನೆತ್ತಿ ತಾಗುತ್ತದೆ. ಮಳೆ ಬಂದರೆ ಅದೇ ದಾರಿಯಲ್ಲಿ ನೀರು ನಿಲ್ಲುತ್ತದೆ.

ನಿಮ್ಮ ಗಾಡಿಯ ಎತ್ತರವನ್ನು ಎಸಿ, ಕ್ಯಾರಿಯರ್, ಸೋಲಾರ್ ಎಲ್ಲ ಸೇರಿಸಿ ಟೇಪಿನಲ್ಲಿ ಅಳೆದು ಸ್ಟಿಯರಿಂಗಿನ ಹತ್ತಿರ ಅಂಟಿಸಿ. ಫೋನಿನ ಮ್ಯಾಪಿಗೆ ನಿಮ್ಮ ಎತ್ತರ ಗೊತ್ತಿಲ್ಲ. ಗೊತ್ತಿರುವವರು ಆಟೋ ಸ್ಟ್ಯಾಂಡಿನಲ್ಲಿದ್ದಾರೆ, ಕೇಳಿ.

ಕಾಸರಗೋಡು ಪೇಟೆಯಿಂದ ಬೇಕಲಕ್ಕೆ ಹೆದ್ದಾರಿ ಹಿಡಿಯಬೇಡಿ. ಅದು ಚೆರ್ಕಳ, ಪೆರಿಯ ಅಂತ ಒಳಗೆ ಸುತ್ತುತ್ತದೆ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು ಮೂಲಕ ಹೋಗುವ ಕರಾವಳಿ ರಸ್ತೆಯಲ್ಲಿ ಬೇಕಲ 16 ಕಿಲೋಮೀಟರ್ ಅಷ್ಟೆ. ಡೀಸೆಲ್ ಮಾತ್ರ ತಲಪಾಡಿಯ ಕರ್ನಾಟಕದ ಬದಿಯಲ್ಲೇ ತುಂಬಿಸಿ, ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ. ನಾವೆಲ್ಲ ಅದನ್ನೇ ಮಾಡುವುದು.

ಲೈಸೆನ್ಸು, ಆರ್‌ಸಿ ವಿಷಯ?

ಒಟ್ಟು ತೂಕ 7,500 ಕಿಲೋ ಮೀರದ ಗಾಡಿಗೆ ಕಾರು ಓಡಿಸುವ ಮಾಮೂಲಿ ಎಲ್‌ಎಂವಿ ಲೈಸೆನ್ಸು ಸಾಕು. ಆರ್‌ಸಿಯದ್ದು ಸ್ವಲ್ಪ ನಾಜೂಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರೂಪ ಬದಲಿಸಬೇಕಾದರೆ ಆರ್‌ಟಿಓ ಒಪ್ಪಿಗೆ ಬೇಕು. ಸೀಟು ಕಿತ್ತು ಮಂಚ ವೆಲ್ಡ್ ಮಾಡಿಸಿ, ಛಾವಣಿ ಕೊರೆದು ಎಸಿ ಕೂರಿಸಿದ್ದರೆ ಅದು ಪುಸ್ತಕದಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ಪೊಲೀಸರ ದಂಡ ಸಣ್ಣದು, ಅಪಘಾತವಾದಾಗ ವಿಮೆಯವರು ತೆಗೆಯುವ ತಕರಾರು ದೊಡ್ಡದು. ಸೀಟು ಹಾಗೇ ಇಟ್ಟು ಮೇಲೆ ಎತ್ತಿಡಬಹುದಾದ ಹಲಗೆ ಹಾಕಿ ಹಾಸಿಗೆ ಮಾಡಿಕೊಂಡವರಿಗೆ ಈ ಚಿಂತೆ ಕಡಿಮೆ.

ಬಾಡಿಗೆಗೆ ತರುವವರು ಹಳದಿ ಬೋರ್ಡ್ ಮತ್ತು ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯಾ ನೋಡಿ. ಬಿಳಿ ಬೋರ್ಡಿನ ಗಾಡಿಯನ್ನು ಕಡಿಮೆ ಬಾಡಿಗೆಗೆ ಕೊಡುತ್ತೇವೆ ಅನ್ನುವವರಿದ್ದಾರೆ. ಗಡಿಯಲ್ಲಿ ಹಿಡಿದರೆ ರಜೆ ಅಲ್ಲಿಗೇ ಮುಗಿಯಿತು.

ಚಕ್ರ ಹೂತುಹೋದರೆ ಏನು ಮಾಡೋದು?

ಆಕ್ಸಿಲರೇಟರ್ ಬಿಡಿ. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತೆಂದರೆ ಇನ್ನೆರಡು ಇಂಚು ಕೆಳಗೆ ಹೋಗುತ್ತದೆ. ಜನರನ್ನೂ ಸಾಮಾನನ್ನೂ ಇಳಿಸಿ. ಟಯರಿನ ಗಾಳಿಯನ್ನು ಅರ್ಧದ ಹತ್ತಿರಕ್ಕೆ ಇಳಿಸಿ, ಟಯರು ಚಪ್ಪಟೆಯಾಗಿ ಹೊಯ್ಗೆಯ ಮೇಲೆ ಹರಡಿ ಕೂರುತ್ತದೆ. ನೀವು ಹೊರಡುವ ದಿಕ್ಕಿಗೆ, ಚಕ್ರದ ಮುಂದಿನ ಹೊಯ್ಗೆಯನ್ನು ಇಳಿಜಾರಾಗಿ ಕೆರೆದು ತೆಗೆಯಿರಿ. ಹೊಟ್ಟೆ ನೆಲಕ್ಕೆ ತಾಗಿದ್ದರೆ ಅಲ್ಲಿಯದ್ದನ್ನೂ ತೆಗೆಯಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಆಮೇಲೆ ಮಡಲು.

ತೆಂಗಿನ ಮಡಲಿಗೆ ಇಲ್ಲಿ ಬರವಿಲ್ಲ. ಹಸಿ ಮಡಲಾದರೆ ಒಳ್ಳೆಯದು. ದಿಂಡು ಚಕ್ರಕ್ಕೆ ಅಡ್ಡ ಬರುವ ಹಾಗೆ, ಒಂದರ ಪಕ್ಕ ಒಂದು ಒತ್ತಾಗಿ ಹಾಸಿ, ಮೊದಲನೆಯದನ್ನು ಟಯರಿನ ಅಡಿಗೆ ಕೈಯಲ್ಲೇ ತುರುಕಿ. ಬಂದ ದಾರಿಯಲ್ಲೇ, ಅಂದರೆ ಹಿಂದಕ್ಕೆ ಹೊರಡುವುದು ಸುಲಭ, ಅಲ್ಲಿ ಹೊಯ್ಗೆ ಮೊದಲೇ ಒತ್ತಿರುತ್ತದೆ. ಒಂದನೇ ಗೇರಿನಲ್ಲೋ ರಿವರ್ಸಿನಲ್ಲೋ ಮೆಲ್ಲ ಎತ್ತಿ, ಗಟ್ಟಿ ನೆಲ ಸಿಗುವವರೆಗೆ ನಿಲ್ಲಬೇಡಿ. ಮಡಲು ಹಿಂದಕ್ಕೆ ಚಿಮ್ಮುತ್ತದೆ, ಮಕ್ಕಳನ್ನು ಆಚೆ ನಿಲ್ಲಿಸಿ. ಗಾಳಿ ಇಳಿಸಿದ ಟಯರಿನಲ್ಲಿ ಹೆದ್ದಾರಿಗೆ ಏರಬೇಡಿ. ಸಿಗರೇಟ್ ಸಾಕೆಟ್ಟಿಗೆ ಹಾಕುವ ಸಣ್ಣ ಪಂಪು ಇಟ್ಟುಕೊಂಡಿರಿ.

ನಾಲ್ಕು ಜನ ತಳ್ಳಲು ಬಂದರೆ ಆಮೇಲೆ ಎಲ್ಲರಿಗೂ ಚಾ ಕುಡಿಸಿ.

ಎಸಿ ಬೇಕಾ, ಫ್ಯಾನ್ ಸಾಕಾ?

ಚಳಿಗಾಲದಲ್ಲಿ ಫ್ಯಾನ್ ಸಾಕು. ಲೆಕ್ಕ ಹಾಕಿ ನೋಡಿ. 12 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 1,200 ವಾಟ್ ಅವರ್. 25 ವಾಟಿನ ಎರಡು ಫ್ಯಾನು ಹತ್ತು ಗಂಟೆ ಓಡಿದರೆ 500. ದೀಪ, ಫೋನು ನೂರರೊಳಗೆ. ಸಣ್ಣ ಫ್ರಿಜ್ ಇದ್ದರೆ ಇನ್ನೊಂದು 500. ಅಲ್ಲಿಗೆ ಸರಿಹೋಯಿತು. 200 ವಾಟಿನ ಸೋಲಾರ್ ಹಲಗೆ ಬಿಸಿಲಿರುವ ದಿನ ಇದರಲ್ಲಿ ಮುಕ್ಕಾಲು ಪಾಲು ತುಂಬಿಸಿಕೊಡುತ್ತದೆ. ಅದೇ ಬ್ಯಾಟರಿಗೆ ಸಾವಿರ ವಾಟಿನ ಎಸಿ ಹಾಕಿದರೆ ಒಂದು ಗಂಟೆಗೆ ಖಾಲಿ. ಎಸಿ ಬೇಕೇ ಬೇಕು ಅನ್ನುವವರು ಮನೆಯ ಅಂಗಳದಲ್ಲಿ ಪ್ಲಗ್ ಕೇಳಿ, ಯೂನಿಟ್ಟಿನ ದುಡ್ಡು ಕೊಡಿ.

ಜನರೇಟರ್ ಹಾಕಿಕೊಂಡು ಎಸಿಯಲ್ಲಿ ಮಲಗುವುದು ಮಾತ್ರ ಬೇಡ. 2024ರ ಡಿಸೆಂಬರಿನಲ್ಲಿ ಇದೇ ಕರಾವಳಿ ದಾರಿಯ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕಾರವಾನಿನೊಳಗೆ ಇಬ್ಬರು ಸತ್ತರು. ಜನರೇಟರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಅದನ್ನು ಗುರುತಿಸಿ ಕೂಗುವ ಸಣ್ಣ ಅಲಾರಂ ಬರುತ್ತದೆ. ಪರದೆ, ಬಣ್ಣದ ದೀಪಗಳಿಗೆ ಖರ್ಚು ಮಾಡುವ ಮೊದಲು ಅದನ್ನು ಕೊಂಡು ಹಾಸಿಗೆಯ ಹತ್ತಿರ ಹಾಕಿ. ಕೆಂಡದ ಒಲೆಯನ್ನು ಚಳಿಗೆ ಅಂತ ಒಳಗೆ ಇಡುವುದೂ ಅಷ್ಟೇ ಅಪಾಯ. ಅಲ್ಲದೆ, ಕಾಸರಗೋಡಿನಲ್ಲಿ ಎಂಥ ಚಳಿ!

ಅಡುಗೆ?

ಹೊರಗೆ ಮಾಡಿ. ಕಡಲ ಗಾಳಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ, ಒಲೆಗೆ ಮೂರು ಬದಿ ತಗಡಿನ ಅಡ್ಡ ಬೇಕು. 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ತೂತು ಇರಬೇಕು, ಮೇಲೆ ಇದ್ದರೆ ಪ್ರಯೋಜನವಿಲ್ಲ. ಗಾಳಿಮರದ ತೋಪಿನಲ್ಲಿ ಬೆಂಕಿ ಹಾಕಲೇಬೇಡಿ, ಕೆಳಗೆ ಉದುರಿದ ಎಲೆ ಬತ್ತಿಯ ಹಾಗೆ ಹತ್ತಿಕೊಳ್ಳುತ್ತದೆ.

ಬಂಗುಡೆ, ಬೂತಾಯಿ ಬೆಳಿಗ್ಗೆ ತೀರದಲ್ಲೇ ಸಿಗುತ್ತದೆ. ಚೌಕಾಸಿ ಜಾಸ್ತಿ ಬೇಡ. ಮೀನು ತೊಳೆದ ನೀರನ್ನು ಗಾಡಿಯ ಬದಿಯಲ್ಲೇ ಚೆಲ್ಲಿದರೆ ರಾತ್ರಿಯಿಡೀ ನಾಯಿಗಳ ಸಭೆ.

ಕುಡಿಯುವ ನೀರು?

ಮಾರ್ಚಿನ ನಂತರ ಕಡಲ ಹತ್ತಿರದ ಹಲವು ಬಾವಿಗಳ ನೀರು ಉಪ್ಪಾಗುತ್ತದೆ. ತುಂಬಿಸುವ ಮೊದಲು ಒಂದು ಗುಟುಕು ಕುಡಿದು ನೋಡಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಬೇರೆಯೇ ಇಟ್ಟುಕೊಳ್ಳಿ. ಬಾಯಾರಿದರೆ ಬೊಂಡ (ಎಳನೀರು) ಇದೆ.

ಕಕ್ಕಸಿನದ್ದು ಏನು ವ್ಯವಸ್ಥೆ?

ಕೇಳಲು ನಾಚುತ್ತಾರೆ, ಆದರೆ ಊರವರಿಗೂ ವ್ಯಾನಿನವರಿಗೂ ಜಗಳ ಬಂದರೆ ಹೆಚ್ಚಾಗಿ ಇದಕ್ಕೇ ಬರುವುದು. ತೀರವನ್ನು ಕಕ್ಕಸು ಮಾಡಿಕೊಳ್ಳಬೇಡಿ. ಹಗಲು ಪಂಚಾಯತ್, ನಗರಸಭೆಗಳ 'ಟೇಕ್ ಎ ಬ್ರೇಕ್' ಶೌಚಾಲಯಗಳು ಹೆದ್ದಾರಿ, ಪೇಟೆಗಳಲ್ಲಿ ಸಿಗುತ್ತವೆ. ರಾತ್ರಿಗೆ ಗಾಡಿಯೊಳಗೆ ಒಯ್ಯಬಹುದಾದ ಪೆಟ್ಟಿಗೆ ಕಕ್ಕಸು ಇದ್ದರೆ ಅದನ್ನು ಖಾಲಿ ಮಾಡಬೇಕಾದದ್ದು ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಕಕ್ಕಸಿನಲ್ಲಿ ಮಾತ್ರ, ಅದೂ ಮನೆಯವರನ್ನು ಕೇಳಿಯೇ. ಫಾರ್ಮಾಲಿನ್ ಇರುವ ದ್ರಾವಣ ಬಳಸಿದ್ದರೆ ಹಾಕಬೇಡಿ. ಟ್ಯಾಂಕಿನೊಳಗೆ ಕೊಳೆಸುವ ಬ್ಯಾಕ್ಟೀರಿಯಾ ಸತ್ತು, ನೀವು ಹೋದ ಮೇಲೆ ಅವರ ಮನೆ ನಾರುತ್ತದೆ.

ಪಾತ್ರೆ ತೊಳೆದ ನೀರು ತೆಂಗಿನ ಬುಡಕ್ಕೆ ನಡೆಯುತ್ತದೆ, ಸೋಪು ಕಡಿಮೆ ಇರಲಿ. ಪ್ಲಾಸ್ಟಿಕ್ ತೊಳೆದು ಒಣಗಿಸಿ ಮನೆಯವರಿಗೆ ಕೊಟ್ಟರೆ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಬಂದಾಗ ಒಯ್ಯುತ್ತಾರೆ. ಕಸ ಎಸೆದವರ ಗಾಡಿ ನಂಬರ್ ಫೋಟೋ ತೆಗೆದು ಕಳಿಸುವವರು ಕೇರಳದಲ್ಲಿ ಬಹಳ, ದಂಡವೂ ಸಾವಿರಗಳ ಲೆಕ್ಕದಲ್ಲಿ ಬೀಳುತ್ತದೆ.

ಕನ್ನಡ ನಡೆಯುತ್ತದಾ?

ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಧಾರಾಳ. ತುಳು ಬಂದರೆ ಇನ್ನೂ ಬೇಗ ಹತ್ತಿರವಾಗುತ್ತಾರೆ. ಕಾಸರಗೋಡು ಪೇಟೆಯಲ್ಲೂ ಸಾಗುತ್ತದೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳ. 'ಇವಿಡೆ ರಾತ್ರಿ ವಂಡಿ ನಿರ್ತಿಕ್ಕೋಟ್ಟೆ?' ಅಂತ ಕಲಿತುಕೊಂಡು ಬನ್ನಿ, ಇಲ್ಲಿ ರಾತ್ರಿ ಗಾಡಿ ನಿಲ್ಲಿಸಲಾ ಅಂತ ಅರ್ಥ. ಹಿರಿಯರಿಗೆ ನಮ್ಮ ಕಡೆ ಅಣ್ಣ, ಅಕ್ಕ, ಬ್ಯಾರಿಗಳಿಗೂ ಮಾಪಿಳ್ಳೆಗಳಿಗೂ ಇಕ್ಕ, ಆಚೆ ಚೇಟ್ಟ, ಚೇಚಿ.

ಎರಡು ಬಾಟಲಿ ತರಬಹುದಾ?

ಕರ್ನಾಟಕದಿಂದ ಗಡಿ ದಾಟಿಸಬೇಡಿ. ಅಬಕಾರಿಯವರು ತಪಾಸಣೆ ಮಾಡುತ್ತಾರೆ, ವ್ಯಾನು ಕಂಡರೆ ಜಾಸ್ತಿ. ತೀರದಲ್ಲಿ ಕೂತು ಕುಡಿಯುವುದೂ ಸಾರ್ವಜನಿಕ ಸ್ಥಳದಲ್ಲಿ ಕುಡಿದ ಲೆಕ್ಕವೇ.

ಈಜಬಹುದಾ?

ಜೀವರಕ್ಷಕರು ಇರುವಲ್ಲಿ ಮಾತ್ರ, ಅವರು ಹೇಳಿದಷ್ಟು ದೂರ. ಅಳಿವೆಯ ಹತ್ತಿರ ಬೇಡವೇ ಬೇಡ. ಶಿರಿಯ, ಮೊಗ್ರಾಲ್, ಚಂದ್ರಗಿರಿ ಯಾವ ಹೊಳೆಯ ಬಾಯಾದರೂ ಸರಿ, ಇಳಿತದ ಹೊತ್ತಿನಲ್ಲಿ ನೀರು ಮೇಲೆ ಶಾಂತವಾಗಿ ಕಂಡು ಕೆಳಗೆ ಎಳೆಯುತ್ತದೆ. ಅವಘಡವಾದರೆ 112, ಕರಾವಳಿ ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554.

ಹೊರಗೆ ದೀಪದ ಸರ ಹಾಕಿದರೆ ಏನಾಗುತ್ತದೆ?

ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ರಾತ್ರಿ ಮೇಲೆ ಬರುತ್ತವೆ. ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ದಲ್ ಅನ್ನುವ ಊರವರ ಸಂಘ ಬಹಳ ಕಾಲದಿಂದ ಆ ಮೊಟ್ಟೆಗಳನ್ನು ಕಾಯುತ್ತಿದೆ. ದೀಪ ಕಂಡರೆ ತಾಯಿ ಆಮೆ ಹಿಂದಿರುಗುತ್ತದೆ. ಮರಿಗಳು ಕಡಲಿನ ಬದಲು ದೀಪದ ಕಡೆಗೆ ತೆವಳುತ್ತವೆ. ಕಡಲಿಗೆ ಮುಖ ಮಾಡಿದ ದೀಪ ಆರಿಸಿ, ಪರದೆ ಎಳೆಯಿರಿ. ಆಮೆ ಕಂಡರೆ ದೂರ ನಿಲ್ಲಿ, ಫ್ಲಾಶ್ ಹಾಕಬೇಡಿ.

ಹಗಲು ಹೊತ್ತು ಕಳೆಯೋದು ಹೇಗೆ?

ಬೇಕಲದ ಕೋಟೆ ಹೇಗೂ ನೋಡುತ್ತೀರಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಹತ್ತರ ಮೇಲೆ ಒಳಗೆ ನೆರಳಿಲ್ಲ. ಕುಂಬಳೆಯಿಂದ ಸ್ವಲ್ಪ ಒಳಗೆ ಅನಂತಪುರದ ಕೆರೆ ದೇವಸ್ಥಾನ ಇದೆ. ಆ ಕೆರೆಯಲ್ಲಿದ್ದ ಬಬಿಯಾ ಅನ್ನುವ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ನೋಡದೆ ಕನ್ನಡದವರು ಹೋಗಬಾರದು ಅನ್ನುವುದು ನನ್ನ ಹಟ. ನವೆಂಬರಿನಿಂದ ಮೇವರೆಗೆ ಎಲ್ಲಾದರೂ ತೆಯ್ಯಮೋ ಭೂತದ ಕೋಲವೋ ಇದ್ದೇ ಇರುತ್ತದೆ, ರಾತ್ರಿ ಚೆಂಡೆ ಕೇಳಿದರೆ ಸದ್ದಿನ ಜಾಡು ಹಿಡಿದು ನಡೆಯಿರಿ.

ವಾಪಸ್ ಹೋದ ಮೇಲೆ ಗಾಡಿಗೆ ಏನು ಮಾಡಬೇಕು?

ಮನೆ ಮುಟ್ಟಿದ ದಿನವೇ, ಮರುದಿನಕ್ಕೆ ಬಿಡದೆ, ಸಿಹಿನೀರಿನಲ್ಲಿ ಅಡಿಭಾಗ ತೊಳೆಸಿ. ಚಕ್ರದ ಕಮಾನು, ಸೈಲೆನ್ಸರ್, ಬ್ರೇಕು ಪೈಪು, ಬಾಗಿಲಿನ ಕೆಳಗಿನ ಅಂಚು, ಸೋಲಾರ್ ಹಲಗೆಯ ಬೋಲ್ಟು ಇಲ್ಲೆಲ್ಲ ಉಪ್ಪು ಕೂತಿರುತ್ತದೆ. ಬ್ಯಾಟರಿಯ ಟರ್ಮಿನಲ್ ಒರೆಸಿ ವ್ಯಾಸಲೀನ್ ಸವರಿ. ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಹೊಯ್ಗೆ ಎಷ್ಟು ಗುಡಿಸಿದರೂ ಮುಂದಿನ ಮಳೆಗಾಲದವರೆಗೆ ಸೀಟಿನ ಸಂದಿಯಿಂದ ಬರುತ್ತಲೇ ಇರುತ್ತದೆ, ಅದಕ್ಕೆ ಮದ್ದಿಲ್ಲ.